ನಾಲ್ಕು ಮೀಟರ್‌ಗೆ ನಿಲ್ಲುವ ಚೆಂಡು

ಕುಷ್ಟಗಿ ಕಡೆಯ ಮಸಾರಿ ನೆಲದ ಮೇಲೆ ಒಂದು ಚೆಂಡನ್ನು ಉರುಳಿಬಿಡಿ. ಅದೇ ಚೆಂಡನ್ನು ಅಷ್ಟೇ ವೇಗದಲ್ಲಿ, ಬೇಸಿಗೆಯಲ್ಲಿ ಒಣಗಿ ಕಲ್ಲಾದ ಯಲಬುರ್ಗಾ ಕಡೆಯ ಎರೆ ನೆಲದ ಮೇಲೆ ಉರುಳಿಬಿಡಿ. ಎರಡೂ ಒಂದೇ ದೂರಕ್ಕೆ ಹೋಗಿ ನಿಲ್ಲುವುದಿಲ್ಲ. ಮಸಾರಿಯ ಮೇಲ್ಪದರದಲ್ಲಿ ಸಡಿಲವಾದ ಉಸುಕಿರುತ್ತದೆ. ಚೆಂಡು ಅದನ್ನು ಸರಿಸಿಕೊಂಡು ಹೋಗಬೇಕಾದ್ದರಿಂದ ಬೇಗ ಸೋಲುತ್ತದೆ. ಎರೆಯ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಬಿರುಕುಗಳ ನಡುವಿನ ಹೆಂಟೆ ಮಾತ್ರ ಸಿಮೆಂಟಿನಂತೆ ಗಟ್ಟಿ. ಅದರ ಮೇಲೆ ಚೆಂಡು ಸಲೀಸಾಗಿ ಓಡುತ್ತದೆ, ಬಿರುಕಿಗೆ ಸಿಕ್ಕರೆ ದಿಕ್ಕು ತಪ್ಪುತ್ತದೆ. ಗಂಗಾವತಿ ಕಡೆ ಎಡದಂಡೆ ಕಾಲುವೆಯ ನೀರುಂಡ ನೆಲದ್ದು ಇನ್ನೊಂದು ರೀತಿ, ಕೊಪ್ಪಳದಲ್ಲಿ ಗರಸು ಹಾಕಿ ಉರುಳುಗಲ್ಲು ಹೊಡೆಸಿದ ಮೈದಾನದ್ದು ಮತ್ತೊಂದು ರೀತಿ. ಬೇಸ್‌ಬಾಲ್ ಮತ್ತು ಸಾಫ್ಟ್‌ಬಾಲ್ ಆಟಗಳಲ್ಲಿ ಬಂಟ್ ಎಂಬ ಹೊಡೆತದ ಬಗ್ಗೆ ಅರವತ್ತು ವರ್ಷಗಳಿಂದ ನಡೆದಿರುವ ವಾದಕ್ಕೆ ಉತ್ತರ ಹುಡುಕಬೇಕಾದರೆ ಈ ನೆಲದಿಂದಲೇ ಶುರು ಮಾಡಬೇಕು ಎನ್ನುವುದು ಈ ಅಧ್ಯಾಯದ ವಾದ. ಆ ಚರ್ಚೆ ಬಹುಪಾಲು ಅಂಕಿಅಂಶದ ಕೋಷ್ಟಕಗಳ ಮೇಲೆ ನಡೆದಿದೆ. ಕೋಷ್ಟಕ ಸುಳ್ಳಲ್ಲ. ಆದರೆ ಅದು ಯಾವ ನೆಲದಲ್ಲಿ, ಯಾರ ಆಟದಿಂದ ಹುಟ್ಟಿತು ಎಂಬುದನ್ನು ಮರೆತು ಓದಿದರೆ ಕೊಪ್ಪಳ ಜಿಲ್ಲೆಯ ಒಂದು ಶಾಲಾ ತಂಡಕ್ಕೆ ಅದು ತಪ್ಪು ಸಲಹೆ ಕೊಡುತ್ತದೆ.

ಕ್ರಿಕೆಟ್ ಬಲ್ಲವರಿಗೆ ಬಂಟ್ ಅರ್ಥವಾಗಲು ಹೆಚ್ಚು ಹೊತ್ತು ಬೇಕಿಲ್ಲ. ಬ್ಯಾಟ್ ಬೀಸದೆ, ಬರುವ ಚೆಂಡಿಗೆ ಅಡ್ಡ ಹಿಡಿದು, ಅದು ಹೊಡೆಯುವವಳು ನಿಲ್ಲುವ ಹೋಮ್ ಪ್ಲೇಟಿನಿಂದ ಕೆಲವೇ ಮೀಟರ್ ದೂರದಲ್ಲಿ ಸತ್ತು ಬೀಳುವಂತೆ ಮಾಡುವುದೇ ಬಂಟ್. ಅದನ್ನು ಎತ್ತಿ ಎಸೆಯಲು ಫೀಲ್ಡರ್‌ಗಳು ಮುಂದೆ ಓಡಿ ಬರಬೇಕು. ಅಷ್ಟರಲ್ಲಿ ಮೊದಲ ಬೇಸಿನಲ್ಲಿದ್ದವಳು ಎರಡನೆಯದಕ್ಕೆ ಸರಿಯುತ್ತಾಳೆ. ಹೊಡೆದವಳು ಸಾಮಾನ್ಯವಾಗಿ ಔಟ್ ಆಗುತ್ತಾಳೆ. ತಾನು ಔಟಾಗಿ ಜೊತೆಗಾತಿಯನ್ನು ಮುಂದೆ ತಳ್ಳಿದ್ದರಿಂದ ಇದಕ್ಕೆ ಸ್ಯಾಕ್ರಿಫೈಸ್ ಬಂಟ್ ಎಂದು ಹೆಸರು. ಕ್ರಿಕೆಟ್‌ನಲ್ಲಿ ಚೆಂಡನ್ನು ಸಾಯಿಸಿದರೆ ಖರ್ಚಾಗುವುದು ಒಂದು ಎಸೆತ ಮಾತ್ರ. ಕರ್ನಾಟಕದ ರಾಹುಲ್ ದ್ರಾವಿಡ್ ಟೆಸ್ಟ್ ಬದುಕಿನಲ್ಲಿ ಎದುರಿಸಿದ್ದು 31,258 ಎಸೆತ, ಗಳಿಸಿದ್ದು 13,288 ರನ್. ಅಂದರೆ ಅವರ ಆಟದ ಬಹುಪಾಲು ಚೆಂಡಿನ ಕಸುವು ತೆಗೆಯುವ ಕೆಲಸವೇ ಆಗಿತ್ತು, ಅದಕ್ಕೆ ಅವರು ವಿಕೆಟ್ ತೆರಬೇಕಾಗಿರಲಿಲ್ಲ. ಸಾಫ್ಟ್‌ಬಾಲ್‌ನಲ್ಲಿ ಏಳು ಇನಿಂಗ್ಸ್, ಇನಿಂಗ್ಸಿಗೆ ಮೂರು ಔಟ್, ಒಟ್ಟು 21. ಬೇಸ್‌ಬಾಲ್‌ನಲ್ಲಿ 27. ತಂಡದ ಬಂಡವಾಳ ಅಷ್ಟೇ. ಅದರಲ್ಲಿ ಒಂದನ್ನು ತಿಳಿದೂ ತಿಳಿದೂ ಕೊಟ್ಟು ಒಂದು ಬೇಸ್ ಕೊಳ್ಳುವುದು ಲಾಭವೋ ನಷ್ಟವೋ ಎನ್ನುವುದೇ ಪ್ರಶ್ನೆ.

ಮೊದಲು ಚೆಂಡಿನ ವಿಷಯ ನೋಡೋಣ, ಏಕೆಂದರೆ ತಂತ್ರ ಕೈಗೂಡದಿದ್ದರೆ ತಂತ್ರಗಾರಿಕೆಯ ಮಾತೇ ವ್ಯರ್ಥ. ಬ್ಯಾಟಿಗೆ ತಾಗಿದ ಚೆಂಡು ಎಷ್ಟು ವೇಗದಲ್ಲಿ ಮರಳುತ್ತದೆ ಎನ್ನುವುದಕ್ಕೆ ಭೌತಶಾಸ್ತ್ರಜ್ಞರು ಬಳಸುವ ಸೂತ್ರ ಸರಳವಾಗಿದೆ. ಇಲಿನಾಯ್ ವಿಶ್ವವಿದ್ಯಾಲಯದ ಅಲನ್ ನೇಥನ್ ಬೇಸ್‌ಬಾಲ್ ಕುರಿತ ತಮ್ಮ ಕೆಲಸದಲ್ಲಿ ಇದನ್ನು ಮತ್ತೆ ಮತ್ತೆ ಉಪಯೋಗಿಸಿದ್ದಾರೆ. ಬ್ಯಾಟಿನ ಪ್ರತಿ ಜಾಗಕ್ಕೂ ಒಂದು ಸಂಖ್ಯೆ ಇದೆ ಎಂದುಕೊಳ್ಳಿ. ಬ್ಯಾಟನ್ನು ಅಲುಗಾಡಿಸದೆ ಹಿಡಿದಾಗ ಚೆಂಡು ತನ್ನ ವೇಗದ ಎಷ್ಟು ಪಾಲನ್ನು ಉಳಿಸಿಕೊಂಡು ಹಿಂದಿರುಗುತ್ತದೆ ಎಂಬುದನ್ನು ಆ ಸಂಖ್ಯೆ ಹೇಳುತ್ತದೆ. ಬ್ಯಾಟಿನ ಅತ್ಯುತ್ತಮ ಜಾಗದಲ್ಲಿ ಅದು ಸುಮಾರು 0.2. ಅಂದರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ, ಗಂಟೆಗೆ 72 ಕಿಲೋಮೀಟರ್ ಲೆಕ್ಕದಲ್ಲಿ, ಬಂದ ಚೆಂಡು ನಿಶ್ಚಲವಾದ ಬ್ಯಾಟಿಗೆ ತಾಗಿ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಮರಳುತ್ತದೆ. ಬ್ಯಾಟ್ ಚಲಿಸುತ್ತಿದ್ದರೆ ಅದರ ವೇಗವನ್ನು 1.2ರಿಂದ ಗುಣಿಸಿ ಇದಕ್ಕೆ ಸೇರಿಸಬೇಕು, ಹಿಂದಕ್ಕೆ ಸರಿಯುತ್ತಿದ್ದರೆ ಕಳೆಯಬೇಕು. ಬಂಟಿನ ಗುಟ್ಟೆಲ್ಲ ಇಲ್ಲಿದೆ. ಪೂರ್ತಿ ಬೀಸಿ ಹೊಡೆಯುವಾಗ ಬ್ಯಾಟಿನ ವೇಗ ಸೆಕೆಂಡಿಗೆ ಒಂದು ಮೀಟರ್ ಹೆಚ್ಚುಕಡಿಮೆಯಾದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಬಂಟಿನಲ್ಲಿ ಆ ಒಂದು ಮೀಟರೇ ಎಲ್ಲ. ಬ್ಯಾಟನ್ನು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಹಿಂದಕ್ಕೆ ಸರಿಸುತ್ತ ಚೆಂಡನ್ನು ತಗುಲಿಸಿಕೊಂಡರೆ ಅದು 2.8 ಮೀಟರ್ ವೇಗದಲ್ಲಿ ಹೊರಡುತ್ತದೆ. ಗಾಬರಿಯಿಂದ ಅಷ್ಟೇ ವೇಗದಲ್ಲಿ ಮುಂದಕ್ಕೆ ದೂಡಿದರೆ 5.2 ಮೀಟರ್ ವೇಗದಲ್ಲಿ.

ಈ ವ್ಯತ್ಯಾಸ ನೆಲಕ್ಕೆ ಬಂದ ಮೇಲೆ ಇನ್ನಷ್ಟು ದೊಡ್ಡದಾಗುತ್ತದೆ. ಉರುಳುವ ಚೆಂಡು ನಿಲ್ಲುವ ದೂರ ಅದರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ವೇಗ ಇಮ್ಮಡಿಯಾದರೆ ದೂರ ನಾಲ್ಕು ಪಟ್ಟು. ಮೊದಲ ಒಂದೆರಡು ಪುಟಿತವನ್ನು ಸದ್ಯಕ್ಕೆ ಬದಿಗಿಟ್ಟು, ನೆಲದ ಘರ್ಷಣೆ ಪ್ರತಿ ಸೆಕೆಂಡಿಗೆ ಒಂದು ಮೀಟರಿನಷ್ಟು ವೇಗವನ್ನು ತಿನ್ನುತ್ತದೆ ಎಂದಿಟ್ಟುಕೊಂಡರೆ, ಬ್ಯಾಟ್ ಸರಿಸಿದ ಹುಡುಗಿಯ ಚೆಂಡು ಸುಮಾರು 4 ಮೀಟರ್‌ಗೆ ನಿಲ್ಲುತ್ತದೆ, ಅಲುಗಾಡಿಸದವಳದ್ದು 8 ಮೀಟರ್‌ಗೆ, ದೂಡಿದವಳದ್ದು 13.5 ಮೀಟರ್‌ಗೆ. ಮಹಿಳೆಯರ ಸಾಫ್ಟ್‌ಬಾಲ್‌ನಲ್ಲಿ ಪಿಚರ್ ನಿಲ್ಲುವುದು 13.11 ಮೀಟರ್ ದೂರದಲ್ಲಿ. ದೂಡಿದ ಚೆಂಡು ನೇರ ಹೋದರೆ ಅವಳ ಕಾಲಬಳಿಗೇ ಹೋಗುತ್ತದೆ. ಕೈಯ ವೇಗದಲ್ಲಿ ಸೆಕೆಂಡಿಗೆ ಎರಡು ಮೀಟರಿನ ಅಂತರ ಇಡೀ ಆಟವನ್ನು ಬದಲಿಸಿತು. ಇನ್ನು ಒಣಗಿ ಗಟ್ಟಿಯಾದ ಬರಿನೆಲದಲ್ಲಿ ಘರ್ಷಣೆ ಅರ್ಧಕ್ಕಿಳಿಯಿತೆನ್ನಿ: ಅಲುಗಾಡದ ಬ್ಯಾಟಿನಿಂದ ಹೊರಟ ಚೆಂಡು 8 ಮೀಟರಿನ ಬದಲು 16 ಮೀಟರ್ ಹೋಗುತ್ತದೆ. ಮಸಾರಿಯಲ್ಲಿ ಚೆನ್ನಾಗಿದ್ದ ಬಂಟ್ ಒಣ ಎರೆಯಲ್ಲಿ ಎದುರಾಳಿಗೆ ಕೊಟ್ಟ ಉಡುಗೊರೆ. ಶಾಲಾ ಕ್ರೀಡಾಕೂಟಗಳು ಸಾಮಾನ್ಯವಾಗಿ ಮಳೆಗಾಲದಲ್ಲಿ ಬರುತ್ತವೆ, ತಯಾರಿ ಬೇರೆ ತಿಂಗಳುಗಳಲ್ಲೂ ನಡೆಯುತ್ತದೆ. ಒಣನೆಲದಲ್ಲಿ ಕಲಿತ ಕೈ ಹಸಿನೆಲದಲ್ಲಿ ಮತ್ತೆ ಹದ ಹಿಡಿಯಬೇಕಾಗುತ್ತದೆ. ಪಂದ್ಯಕ್ಕೆ ಮುಂಚೆ ಹೋಮ್ ಪ್ಲೇಟಿನ ಬಳಿ ನಾಲ್ಕು ಸಲ ಚೆಂಡು ಉರುಳಿಸಿ ನೋಡುವ ತರಬೇತುದಾರರು ಕಾಲಹರಣ ಮಾಡುತ್ತಿಲ್ಲ, ನೆಲವನ್ನು ಅಳೆಯುತ್ತಿದ್ದಾರೆ.

ಮೆದು ಕೈ ಎನ್ನುವ ಮಾತು ಕ್ರಿಕೆಟ್‌ನಲ್ಲೂ ಬಂಟಿನಲ್ಲೂ ಕೇಳಿಬರುತ್ತದೆ. ದ್ರಾವಿಡ್ ಬ್ಯಾಟಿನ ಅಂಚಿಗೆ ತಾಗಿದ ಚೆಂಡು ಸ್ಲಿಪ್ ಫೀಲ್ಡರ್‌ಗೆ ತಲುಪುವ ಮುನ್ನ ನೆಲ ಮುಟ್ಟುತ್ತಿದ್ದುದಕ್ಕೆ ಇದೇ ಕಾರಣ ಎನ್ನುತ್ತಾರೆ. ಸಲಹೆ ಸರಿಯಾದದ್ದೇ, ಆದರೆ ಅದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ ಅರ್ಧ ಮಾತ್ರ ಸರಿ. ಚೆಂಡು ತಾಗಿದಾಗ ಕೈ ಸಡಿಲ ಬಿಟ್ಟು ಹೊಡೆತವನ್ನು ಹೀರಿಕೊಳ್ಳಬೇಕು ಎನ್ನುವುದು ಆ ವಿವರಣೆ. ಚೆಂಡು ಮತ್ತು ಬ್ಯಾಟ್ ಒಂದನ್ನೊಂದು ಮುಟ್ಟಿಕೊಂಡಿರುವುದು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಹೊತ್ತು. ಮನುಷ್ಯನ ನರಗಳಿಗೆ ಸ್ಪರ್ಶ ತಿಳಿದು ಸ್ನಾಯು ಅಲುಗಲು ಅದರ ನೂರಾರು ಪಟ್ಟು ಕಾಲ ಬೇಕು. ಹೊಡೆತದ ಕಂಪನ ಬ್ಯಾಟಿನುದ್ದಕ್ಕೂ ಹಿಡಿಕೆಗೆ ಹೋಗಿ ಮರಳುವಷ್ಟರಲ್ಲಿ ಚೆಂಡು ಬ್ಯಾಟನ್ನು ಬಿಟ್ಟಾಗಿರುತ್ತದೆ. ಆದ್ದರಿಂದ ತಾಗಿದ ಮೇಲೆ ಯಾರೂ ಏನನ್ನೂ ಹೀರಿಕೊಳ್ಳಲಾರರು. ಕೈ ಮೆದುವಾಗಿರಬೇಕಾದದ್ದು ತಾಗುವ ಮುಂಚೆ. ಬ್ಯಾಟ್ ಆಗಲೇ ಹಿಂದಕ್ಕೆ ಹೊರಟಿರಬೇಕು. ಹತ್ತು ಸೆಂಟಿಮೀಟರ್ ಜಾಗದಲ್ಲಿ ನಿಶ್ಚಲ ಸ್ಥಿತಿಯಿಂದ ಸೆಕೆಂಡಿಗೆ ಒಂದು ಮೀಟರ್ ವೇಗ ಪಡೆಯಲು ಬ್ಯಾಟಿಗೆ 0.2 ಸೆಕೆಂಡ್ ಬೇಕು. ಅಷ್ಟು ಹೊತ್ತಿಗೆ 20 ಮೀಟರ್ ವೇಗದ ಚೆಂಡು 4 ಮೀಟರ್ ಕ್ರಮಿಸುತ್ತದೆ. ಅಂದರೆ ಚೆಂಡು ಇನ್ನೂ ನಾಲ್ಕು ಮೀಟರ್ ಆಚೆ ಇರುವಾಗಲೇ ಕೈ ಸರಿಯಲು ಆರಂಭಿಸಿರಬೇಕು. ಇದು ಸ್ಪರ್ಶಕ್ಕೆ ಕೊಡುವ ಪ್ರತಿಕ್ರಿಯೆಯಲ್ಲ, ಮೊದಲೇ ತೀರ್ಮಾನಿಸಿದ ಚಲನೆ. ಅಭ್ಯಾಸದಿಂದಷ್ಟೇ ಬರುವಂಥದ್ದು.

ಹಾಗಾದರೆ ಸರಿಯುವ ಬ್ಯಾಟಿನ ಮೇಲೆ ಚೆಂಡನ್ನು ಹಿಡಿಯುವುದು ನಿಂತ ಬ್ಯಾಟಿಗಿಂತ ಕಷ್ಟವಲ್ಲವೇ? ಹೌದು. ಕಣ್ಣು, ಬ್ಯಾಟು, ಚೆಂಡು ಒಂದೇ ಗೆರೆಯಲ್ಲಿ ಬರಬೇಕಾದ ಹೊತ್ತಿನಲ್ಲಿ ಬ್ಯಾಟೂ ಚಲಿಸುತ್ತಿದ್ದರೆ ತಪ್ಪುವ ಸಂಭವ ಹೆಚ್ಚು. ಹೊಸದಾಗಿ ಕಲಿಯುವವರಿಗೆ ಇನ್ನೊಂದು ದಾರಿಯಿದೆ. ಆಸ್ಟ್ರೇಲಿಯದ ಭೌತಶಾಸ್ತ್ರಜ್ಞ ರಾಡ್ ಕ್ರಾಸ್ ತೋರಿಸಿದಂತೆ ಬ್ಯಾಟಿನ ತುದಿಯ ಹತ್ತಿರ ಒಂದು ಸತ್ತ ಜಾಗವಿದೆ. ಅಲ್ಲಿ ತಾಗಿದ ಚೆಂಡು ಹೆಚ್ಚುಕಡಿಮೆ ಪುಟಿಯುವುದೇ ಇಲ್ಲ. ಕಾರಣ ಇಷ್ಟೇ: ತುದಿಗೆ ತಾಗಿದಾಗ ಬ್ಯಾಟ್ ಇಡೀ ತೂಕದಿಂದ ಎದುರು ನಿಲ್ಲುವುದಿಲ್ಲ, ಗಿರ್ರನೆ ತಿರುಗಿಬಿಡುತ್ತದೆ, ಚೆಂಡಿನ ಶಕ್ತಿಯೆಲ್ಲ ಆ ತಿರುಗುವಿಕೆಗೆ ಹೋಗುತ್ತದೆ. ಹಾಗೆಂದು ತೀರ ತುದಿಗೆ ಗುರಿಯಿಟ್ಟರೆ ಚೆಂಡು ತಪ್ಪಿಯೇ ಹೋಗಬಹುದು. ಅತ್ಯುತ್ತಮ ಜಾಗಕ್ಕೂ ತುದಿಗೂ ನಡುವೆ ಎಲ್ಲೋ ತಗುಲಿಸಿಕೊಂಡರೆ 0.2 ಎಂಬ ಸಂಖ್ಯೆ 0.1ರತ್ತ ಇಳಿಯುತ್ತದೆ, ಕೈ ಸರಿಸದೆಯೇ ವೇಗ ಅರ್ಧವಾಗುತ್ತದೆ. ಮೇಲಿನ ಕೈಯನ್ನು ಬ್ಯಾಟಿನ ನಡುಭಾಗಕ್ಕೆ ಜಾರಿಸಿ, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಚಿವುಟಿದಂತೆ ಹಿಡಿಯಬೇಕು ಎನ್ನುವುದರ ಹಿಂದೆಯೂ ಇದೇ ಲೆಕ್ಕವಿದೆ. ಮುಷ್ಟಿ ಕಟ್ಟಿದರೆ ಕೈಯ ತೂಕದ ಒಂದು ಪಾಲು ಬ್ಯಾಟಿಗೆ ಸೇರಿ ಅದು ಹೆಚ್ಚು ಬಿಗಿಯಾಗಿ ಎದುರು ನಿಲ್ಲುತ್ತದೆ. ಅದಕ್ಕಿಂತ ಮುಖ್ಯವಾದ ಕಾರಣ ಸುರಕ್ಷತೆ. ಬೆರಳುಗಳು ಬ್ಯಾಟಿನ ಹಿಂದೆಯೇ ಅಡಗಿರಬೇಕು. ಮುಂದೆ ಬಂದ ಬೆರಳಿಗೂ ಬ್ಯಾಟಿಗೂ ನಡುವೆ ಚೆಂಡು ಸಿಕ್ಕರೆ ಮೂಳೆ ಮುರಿಯುತ್ತದೆ, ಶಾಲೆಯಲ್ಲಿ ಇದನ್ನು ಮೊದಲ ದಿನವೇ ಕಲಿಸಬೇಕು. ಸಾಫ್ಟ್‌ಬಾಲ್ ಎಂಬ ಹೆಸರು ಕೇಳಿ ಮೆದು ಚೆಂಡೆಂದು ಯಾರೂ ಮೋಸಹೋಗಬಾರದು. ಅದರ ತೂಕ 178ರಿಂದ 198 ಗ್ರಾಂ, ಕ್ರಿಕೆಟ್ ಚೆಂಡಿಗಿಂತ ಜಾಸ್ತಿ.

ಉಳಿದ ಅಂಗಗಳನ್ನು ಬೇಗ ಹೇಳಿಬಿಡಬಹುದು. ಬ್ಯಾಟನ್ನು ಸ್ಟ್ರೈಕ್ ವಲಯದ ಮೇಲಂಚಿನ ಎತ್ತರಕ್ಕೆ ಹಿಡಿದಿದ್ದರೆ ಅದಕ್ಕಿಂತ ಮೇಲೆ ಬಂದ ಚೆಂಡನ್ನು ಯೋಚಿಸದೆ ಬಿಡಬಹುದು. ಕೆಳಗೆ ಬಂದದ್ದಕ್ಕೆ ಕೈ ಇಳಿಸುವ ಬದಲು ಮಂಡಿ ಬಗ್ಗಿಸಬೇಕು. ಬ್ಯಾಟಿನ ತುದಿ ಹಿಡಿಕೆಗಿಂತ ತುಸು ಮೇಲಿರಬೇಕು, ಇಲ್ಲದಿದ್ದರೆ ಚೆಂಡು ಗಾಳಿಗೇಳುತ್ತದೆ. ಗಾಳಿಗೆದ್ದ ಬಂಟಿಗಿಂತ ಕೆಟ್ಟದ್ದು ಈ ಆಟದಲ್ಲಿ ಕಡಿಮೆ, ಒಂದೇ ಕ್ಯಾಚಿಗೆ ಇಬ್ಬರು ಔಟಾಗಬಹುದು. ದಿಕ್ಕನ್ನು ಹಿಡಿಕೆಯ ಕೈ ಮೊದಲೇ ನಿರ್ಧರಿಸಿರಬೇಕು. ಎರಡು ಸ್ಟ್ರೈಕ್ ಆದ ಮೇಲೆ ಬಂಟ್ ಫೌಲ್ ಆದರೆ ಔಟ್ ಎಂಬ ನಿಯಮವಿರುವುದರಿಂದ ಆ ಹಂತದಲ್ಲಿ ಬಂಟಿಗೆ ಹೋಗುವುದು ಬಹುತೇಕ ಸಲ ದುಡುಕು.

ಈಗ ಕೋಷ್ಟಕಕ್ಕೆ ಬರೋಣ. ಕೆನಡಾದ ರಕ್ಷಣಾ ವಿಜ್ಞಾನಿ ಜಾರ್ಜ್ ಲಿಂಡ್ಸೆ 1963ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಬೇಸ್‌ಬಾಲ್ ಇನಿಂಗ್ಸಿನ ಪ್ರತಿ ಸ್ಥಿತಿಗೂ ಒಂದು ಬೆಲೆ ಕಟ್ಟಿದರು. ಬೇಸುಗಳಲ್ಲಿ ಯಾರಿದ್ದಾರೆ ಎಂಬುದಕ್ಕೆ ಎಂಟು ಬಗೆ, ಎಷ್ಟು ಔಟ್ ಆಗಿದೆ ಎಂಬುದಕ್ಕೆ ಮೂರು. ಒಟ್ಟು 24 ಸ್ಥಿತಿ. ಪ್ರತಿಯೊಂದರಿಂದ ಇನಿಂಗ್ಸ್ ಮುಗಿಯುವವರೆಗೆ ಸರಾಸರಿ ಎಷ್ಟು ರನ್ ಬರುತ್ತದೆ ಎಂದು ಎಣಿಸಿದರೆ ಒಂದು ಹೆಜ್ಜೆ ಲಾಭವೋ ನಷ್ಟವೋ ತಿಳಿಯುತ್ತದೆ. ಅಮೆರಿಕದ ಮೇಜರ್ ಲೀಗಿನಲ್ಲಿ 2010ರಿಂದ 2015ರವರೆಗಿನ ಆಟಗಳ ಲೆಕ್ಕದಂತೆ, ಯಾರೂ ಔಟಾಗದೆ ಮೊದಲ ಬೇಸಿನಲ್ಲಿ ಒಬ್ಬನಿದ್ದರೆ ಸರಾಸರಿ ಸುಮಾರು 0.86 ರನ್. ಬಂಟ್ ಯಶಸ್ವಿಯಾಗಿ ಅವನು ಎರಡನೆಯ ಬೇಸಿಗೆ ಹೋಗಿ ಒಂದು ಔಟಾದರೆ 0.66. ಯಶಸ್ಸಿನಿಂದಲೇ 0.2 ರನ್ ನಷ್ಟ! ಒಂದಾದರೂ ರನ್ ಬರುವ ಸಾಧ್ಯತೆಯೂ 0.42ರಿಂದ 0.40ಕ್ಕೆ ಇಳಿಯುತ್ತದೆ. ಈ ಲೆಕ್ಕ ತಂಡಗಳ ಕಚೇರಿಗಳಿಗೆ ತಲುಪಿದ ಮೇಲೆ ಮೇಜರ್ ಲೀಗಿನಲ್ಲಿ ಬಂಟ್ ಕ್ಷೀಣಿಸಿತು. 2022ರಿಂದ ಪಿಚರ್ ಬ್ಯಾಟ್ ಹಿಡಿಯುವ ಕಟ್ಟುಪಾಡು ಪೂರ್ತಿಯಾಗಿ ಹೋದ ಮೇಲಂತೂ ಉಳಿದಿದ್ದ ಬಂಟುಗಳಲ್ಲಿ ದೊಡ್ಡ ಪಾಲು ಮಾಯವಾಯಿತು. ಅಂಕಿ ನೋಡಿದವರು ಬಂಟ್ ಹಳೆಯ ಮೂಢನಂಬಿಕೆ ಎಂದು ತೀರ್ಪು ಕೊಟ್ಟರು.

ತೀರ್ಪು ಆತುರದ್ದು. ಬಂಟ್ ಹೊಡೆದವನು ಖಂಡಿತ ಔಟಾಗುತ್ತಾನೆ, ಓಡುವವನು ಖಂಡಿತ ಒಂದು ಬೇಸ್ ಸರಿಯುತ್ತಾನೆ ಎಂದು ಈ ಲೆಕ್ಕ ಹಿಡಿದುಕೊಂಡಿದೆ. ವಾಸ್ತವದಲ್ಲಿ ಕೆಲವು ಬಂಟುಗಳಲ್ಲಿ ಇಬ್ಬರೂ ಸುರಕ್ಷಿತ, ಕೆಲವು ಪೂರ್ತಿ ವಿಫಲ. ಟಾಮ್ ಟ್ಯಾಂಗೊ, ಮಿಚೆಲ್ ಲಿಕ್ಟ್‌ಮನ್, ಆಂಡ್ರೂ ಡಾಲ್ಫಿನ್ ಅವರಂಥ ವಿಶ್ಲೇಷಕರು ಇದನ್ನು ಎತ್ತಿ ಹಿಡಿದರು. ಅದೇ ಕೋಷ್ಟಕದ ಇನ್ನೆರಡು ಸಂಖ್ಯೆ ತೆಗೆದುಕೊಳ್ಳೋಣ: ಇಬ್ಬರೂ ಸುರಕ್ಷಿತರಾದರೆ ಒಂದಾದರೂ ರನ್ ಬರುವ ಸಾಧ್ಯತೆ 0.61, ಬಂಟ್ ಕೆಟ್ಟು ಒಬ್ಬ ಔಟಾಗಿ ಮತ್ತೊಬ್ಬ ಮೊದಲ ಬೇಸಿನಲ್ಲೇ ಉಳಿದರೆ 0.27. ನೂರು ಬಂಟಿನಲ್ಲಿ 15 ಕೆಡುತ್ತವೆ ಎಂದುಕೊಳ್ಳಿ. ಇಬ್ಬರೂ ಉಳಿಯುವುದು 10 ಸಲ ಮಾತ್ರವಾದರೆ ಒಟ್ಟು ಸಾಧ್ಯತೆ 0.40, ಬೀಸಿ ಹೊಡೆಯುವುದೇ ಮೇಲು. ಇಬ್ಬರೂ 20 ಸಲ ಉಳಿದರೆ ಅದು 0.42 ಆಗಿ ಎರಡೂ ಸಮ. ಸರಾಸರಿ ರನ್ನಿನ ಲೆಕ್ಕದಲ್ಲಿ ಸಮವಾಗಬೇಕಾದರೆ ಸುಮಾರು 28 ಸಲ ಇಬ್ಬರೂ ಉಳಿಯಬೇಕು. ಹಾಗಾಗಿ ಕೇಳಬೇಕಾದ ಪ್ರಶ್ನೆ ಬಂಟ್ ಒಳ್ಳೆಯದೇ ಎನ್ನುವುದಲ್ಲ. ಈ ಮೈದಾನದಲ್ಲಿ, ಈ ಎದುರಾಳಿಯ ಮುಂದೆ, ನೂರಕ್ಕೆ ಎಷ್ಟು ಸಲ ಇಬ್ಬರೂ ಉಳಿಯುತ್ತಾರೆ?

ಅದು ತೀರ್ಮಾನವಾಗುವುದು ಸೆಕೆಂಡಿನ ಭಾಗಗಳಲ್ಲಿ, ಚೆಂಡು ನಿಲ್ಲುವ ದೂರ ಇಲ್ಲಿ ಮತ್ತೆ ಮುಂದೆ ಬರುತ್ತದೆ. ಸಾಫ್ಟ್‌ಬಾಲ್‌ನಲ್ಲಿ ಬೇಸಿನಿಂದ ಬೇಸಿಗೆ 18.29 ಮೀಟರ್. ಒಬ್ಬ ಹೈಸ್ಕೂಲು ಹುಡುಗಿ ಅದನ್ನು 3.6 ಸೆಕೆಂಡಿನಲ್ಲಿ ಓಡುತ್ತಾಳೆ ಎನ್ನಿ. ಮೂರನೆಯ ಬೇಸಿನ ಫೀಲ್ಡರ್ ಹೋಮ್ ಪ್ಲೇಟಿನಿಂದ 12 ಮೀಟರ್ ದೂರಕ್ಕೆ ಮುಂದೆ ಬಂದು ನಿಂತಿದ್ದಾಳೆ. ಬಂಟ್ ಎಂದು ತಿಳಿಯಲು 0.3 ಸೆಕೆಂಡ್, ಆಮೇಲೆ ಸೆಕೆಂಡಿಗೆ 5 ಮೀಟರ್ ಓಟ. ಲೆಕ್ಕ ಹಾಕಿದರೆ ದೂಡಿದ ಚೆಂಡು ಅವಳ ಕೈಗೆ 1.4 ಸೆಕೆಂಡಿನಲ್ಲಿ ಸಿಗುತ್ತದೆ, ಅಲುಗಾಡದ ಬ್ಯಾಟಿನದು 1.65ರಲ್ಲಿ, ಸರಿಸಿದ ಬ್ಯಾಟಿನದು 2 ಸೆಕೆಂಡಿನಲ್ಲಿ. ಬಗ್ಗಿ ಎತ್ತಿ ತಿರುಗಿ ಕೈಬಿಡಲು 0.9, ಮೊದಲ ಬೇಸಿಗೆ ಎಸೆತ ತಲುಪಲು 0.95 ಸೇರಿಸಿ. ಮೊತ್ತ 3.25, 3.5, 3.85. ಮೊದಲೆರಡರಲ್ಲಿ ಓಡುವವಳು ಔಟ್, ಮೂರನೆಯದರಲ್ಲಿ ಕಾಲು ಸೆಕೆಂಡಿನಿಂದ ಸುರಕ್ಷಿತ. ಬ್ಯಾಟನ್ನು ಹತ್ತು ಸೆಂಟಿಮೀಟರ್ ಹಿಂದೆ ಸರಿಸುವ ಅಭ್ಯಾಸವೊಂದು ಒಂದು ಸ್ಯಾಕ್ರಿಫೈಸನ್ನು ಹಿಟ್ ಆಗಿ ಮಾಡಿತು. ಬೇಸ್‌ಬಾಲ್‌ನಲ್ಲಿ ಬೇಸುಗಳ ನಡುವೆ 27.43 ಮೀಟರ್. ಬಗ್ಗುವುದು, ಎತ್ತುವುದು, ತಿರುಗುವುದು, ಇವುಗಳಿಗೆ ಬೇಕಾದ ಕಾಲ ಮೈದಾನ ಚಿಕ್ಕದಾದರೂ ದೊಡ್ಡದಾದರೂ ಅಷ್ಟೇ. ಓಡುವ ಹಾದಿ ಮಾತ್ರ ಸಾಫ್ಟ್‌ಬಾಲ್‌ನಲ್ಲಿ ಮೂರನೇ ಒಂದರಷ್ಟು ಕಡಿಮೆ. ಲಾಭವೆಲ್ಲ ಓಡುವವಳಿಗೆ. ಮೇಜರ್ ಲೀಗಿನ ಕೋಷ್ಟಕವನ್ನು ಸಾಫ್ಟ್‌ಬಾಲ್‌ಗೆ ಹಾಗೇ ತಂದರೆ ಬಂಟಿನ ಬೆಲೆ ತಗ್ಗಿಸಿದಂತಾಗುವುದು ಇದರಿಂದಲೇ.

ದಿಕ್ಕಿನ ವಿಷಯದಲ್ಲೂ ಇಂಥದೇ ಎಡವಟ್ಟು. ಮೊದಲ ಬೇಸಿನಲ್ಲಿ ಓಟಗಾರ ಇದ್ದಾಗ ಮೊದಲ ಬೇಸಿನ ಕಡೆಗೇ ಬಂಟ್ ಮಾಡು ಎಂದು ಬೇಸ್‌ಬಾಲ್ ಪುಸ್ತಕಗಳು ಹೇಳುತ್ತವೆ. ಏಕೆಂದರೆ ಮುಂದೆ ಜಾರಿ ನಿಲ್ಲುವ ಓಟಗಾರನನ್ನು ಕಾಯಲು ಅಲ್ಲಿನ ಫೀಲ್ಡರ್ ಬೇಸಿಗೆ ಅಂಟಿಕೊಂಡಿರಬೇಕು. ಸಾಫ್ಟ್‌ಬಾಲ್‌ನಲ್ಲಿ ಪಿಚರ್ ಕೈಯಿಂದ ಚೆಂಡು ಬಿಡುವವರೆಗೆ ಓಟಗಾರ್ತಿ ಬೇಸ್ ಬಿಡುವಂತಿಲ್ಲ. ಕಾಯುವ ಕೆಲಸವೇ ಇಲ್ಲದ್ದರಿಂದ ಮೊದಲ ಬೇಸಿನ ಫೀಲ್ಡರ್ ಕೂಡ ಮುಂದೆ ನುಗ್ಗಿ ಬರುತ್ತಾಳೆ, ಬೇಸ್ ಕಾಯಲು ಎರಡನೆಯ ಬೇಸಿನವಳು ಓಡಬೇಕು. ಇಲ್ಲಿ ಒಳ್ಳೆಯ ಗುರಿಯೆಂದರೆ ಪಿಚರ್, ಕ್ಯಾಚರ್, ಅಂಚಿನ ಫೀಲ್ಡರ್ ಮೂವರಿಗೂ ಹೆಚ್ಚುಕಡಿಮೆ ಸಮದೂರವಾದ ಜಾಗ. ಯಾರು ಎತ್ತಬೇಕು ಎಂಬ ಅನುಮಾನಕ್ಕೆ ಅರ್ಧ ಸೆಕೆಂಡ್ ಹೋದರೆ ಮೇಲಿನ ಲೆಕ್ಕ ಪೂರ್ತಿ ತಿರುಗಿಬೀಳುತ್ತದೆ. ಭಾರತದ ಶಾಲಾ ಕ್ರೀಡಾ ಒಕ್ಕೂಟದ ಆಟಗಳಲ್ಲಿ ಬೇಸ್‌ಬಾಲ್, ಸಾಫ್ಟ್‌ಬಾಲ್ ಎರಡೂ ಇವೆ. ಒಂದರ ಪಾಠವನ್ನು ಇನ್ನೊಂದಕ್ಕೆ ಕಣ್ಣುಮುಚ್ಚಿ ದಾಟಿಸದಿರುವುದು ದೈಹಿಕ ಶಿಕ್ಷಕರ ಕೈಯಲ್ಲಿದೆ.

ಇಲ್ಲಿ ಗಟ್ಟಿಯಾದ ಒಂದು ಆಕ್ಷೇಪವಿದೆ, ಅದನ್ನು ಹಾರಿಸಿ ಮುಂದೆ ಹೋಗುವುದು ಸರಿಯಲ್ಲ. ಶಾಲಾ ಮಟ್ಟದಲ್ಲಿ ಫೀಲ್ಡರ್‌ಗಳು ತಪ್ಪು ಮಾಡುವುದು ನಿಜವಾದರೆ, ಬೀಸಿ ಹೊಡೆದಾಗಲೂ ಅವರು ತಪ್ಪು ಮಾಡುತ್ತಾರಲ್ಲ? ಆ ಲಾಭ ಬಂಟಿಗೆ ಮಾತ್ರ ಏಕೆ? ಜೊತೆಗೆ ಪಿಚರ್ ದುರ್ಬಲಳಾಗಿ ಸಿಕ್ಕಾಪಟ್ಟೆ ವಾಕ್ (ಕೆಟ್ಟ ಎಸೆತಗಳಿಂದ ಪುಕ್ಕಟೆ ಸಿಗುವ ಮೊದಲ ಬೇಸ್) ಕೊಡುತ್ತಿದ್ದರೆ, ಚೆಂಡು ಕ್ಯಾಚರ್ ಕೈ ತಪ್ಪಿ ಹೋಗುತ್ತಿದ್ದರೆ, ಔಟನ್ನು ತೆತ್ತು ಬೇಸ್ ಕೊಳ್ಳುವುದೇಕೆ? ಸುಮ್ಮನೆ ನಿಂತರೂ ಅದು ಬರುತ್ತದೆ. ಈ ಆಕ್ಷೇಪದ ಎರಡನೆಯ ಭಾಗವನ್ನು ಪೂರ್ತಿ ಒಪ್ಪಬೇಕು. ರನ್ ಸುಲಭವಾಗಿ ಬರುವ ಕಡೆ ಔಟಿನ ಬೆಲೆ ಏರುತ್ತದೆ, ಅಲ್ಲಿ ಬಂಟ್ ದುಂದುಗಾರಿಕೆ. ಬೇಸ್‌ಬಾಲ್ ಇತಿಹಾಸವೇ ಇದಕ್ಕೆ ಸಾಕ್ಷಿ: 1919ರವರೆಗಿನ ಕಾಲದಲ್ಲಿ ಚೆಂಡು ದೂರ ಹೋಗುತ್ತಿರಲಿಲ್ಲ, ಒಂದೊಂದು ರನ್ನಿಗೂ ಬಂಟನ್ನು ನೆಚ್ಚಿಕೊಂಡಿದ್ದರು; 1920ರ ನಂತರ ಬೇಬ್ ರೂತ್ ಅಂಥವರು ಹೋಮ್ ರನ್ ಹೊಡೆಯತೊಡಗಿದಾಗ ಅದರ ಪ್ರಾಬಲ್ಯ ಕುಸಿಯಿತು. ಆದರೆ ಮೊದಲ ಭಾಗಕ್ಕೆ ಉತ್ತರವಿದೆ. ಬೀಸಿ ಹೊಡೆಯಲು ಹೋಗಿ ಸ್ಟ್ರೈಕ್ ಔಟ್ ಆದವಳು ಫೀಲ್ಡರ್‌ಗಳಿಗೆ ತಪ್ಪು ಮಾಡುವ ಅವಕಾಶವನ್ನೇ ಕೊಡಲಿಲ್ಲ. ನೇರ ಕೈಗೆ ಬಂದ ಚೆಂಡನ್ನು ಹಿಡಿಯುವುದಕ್ಕೂ, ಮುಂದೆ ಓಡುತ್ತ ನಿಂತ ಚೆಂಡನ್ನು ಬರಿಗೈಯಲ್ಲಿ ಎತ್ತಿ, ಓಟದ ದಿಕ್ಕಿಗೆ ಅಡ್ಡವಾಗಿ, ತಾನೂ ಓಡಿಬರುತ್ತಿರುವ ಇನ್ನೊಬ್ಬಳಿಗೆ ಎಸೆಯುವುದಕ್ಕೂ ಅಜಗಜಾಂತರ. ಎರಡನೆಯದರಲ್ಲಿ ಮೂವರ ಹೆಜ್ಜೆ ಒಟ್ಟಿಗೆ ಕೂಡಬೇಕು, ಅದು ವಾರಗಟ್ಟಲೆ ಅಭ್ಯಾಸದಿಂದಷ್ಟೇ ಬರುತ್ತದೆ. ಹೀಗಾಗಿ ಬಂಟಿನ ಬೆಲೆಯನ್ನು ನಿರ್ಧರಿಸುವುದು ಪಿಚರಿನ ಶಕ್ತಿಗೂ ಬ್ಯಾಟರಿನ ಶಕ್ತಿಗೂ ಇರುವ ಅಂತರ. ಪಿಚರ್ ಪ್ರಬಲಳು, ಬ್ಯಾಟ್ ಹಿಡಿದವಳು ತಂಡದ ಕೊನೆಯ ಸಾಲಿನವಳು, ಬೇಕಾದದ್ದು ಒಂದೇ ರನ್, ಅಂಥಲ್ಲಿ ಬಂಟ್ ತೂಗುತ್ತದೆ. ತಂಡದ ಅತ್ಯುತ್ತಮ ಹೊಡೆತಗಾರ್ತಿಯ ಕೈಯಲ್ಲಿ ಬಂಟ್ ಮಾಡಿಸುವ ತರಬೇತುದಾರರನ್ನು ನಾನು ಸಮರ್ಥಿಸಲಾರೆ.

ಜಪಾನಿನ ಉದಾಹರಣೆ ಕೊಡುವವರಿದ್ದಾರೆ. ಅಲ್ಲಿನ ಹೈಸ್ಕೂಲು ಬೇಸ್‌ಬಾಲ್‌ನಲ್ಲಿ ಬಂಟ್ ದಿನನಿತ್ಯದ ಆಯುಧ. ವೃತ್ತಿಪರ ಆಟದಲ್ಲಿ ಮಸಾಹಿರೊ ಕವಾಯಿ 533 ಸ್ಯಾಕ್ರಿಫೈಸ್ ಬಂಟ್ ಮಾಡಿ ವಿಶ್ವದಾಖಲೆ ಬರೆದರು. ಜಪಾನಿನ ಮಹಿಳಾ ಸಾಫ್ಟ್‌ಬಾಲ್ ತಂಡ 2008ರ ಬೀಜಿಂಗ್‌ನಲ್ಲೂ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲೂ ಚಿನ್ನ ಗೆದ್ದಿತು. ಇದರಿಂದ ಬಂಟ್ ಮಾಡಿದರೆ ಚಿನ್ನ ಬರುತ್ತದೆ ಎಂದು ಸಾಧಿಸಲಾಗದು. ಒಳ್ಳೆಯ ಪಿಚರ್‌ಗಳಿದ್ದ ತಂಡ ಒಂದು ರನ್ನಿನಲ್ಲೇ ಪಂದ್ಯ ಗೆಲ್ಲಬಲ್ಲದು, ಆದ್ದರಿಂದ ಒಂದು ರನ್ನಿನ ಆಟ ಅದಕ್ಕೆ ಒಪ್ಪುತ್ತದೆ. ಕಾರಣ ಯಾವುದು, ಪರಿಣಾಮ ಯಾವುದು ಎಂದು ಬಿಡಿಸುವುದು ಕಷ್ಟ. ನಾನು ಈ ಉದಾಹರಣೆಯನ್ನು ವಾದದ ಕಂಬವಾಗಿ ನಿಲ್ಲಿಸುವುದಿಲ್ಲ.

ನಿಲ್ಲಿಸಬಹುದಾದ ಕಂಬ ನಮ್ಮದೇ ಲೆಕ್ಕ. 1997ರಲ್ಲಿ ರಾಯಚೂರಿನಿಂದ ಬೇರೆಯಾದ ಕೊಪ್ಪಳ ಜಿಲ್ಲೆಯ ಹಳೆಯ ನಾಲ್ಕು ತಾಲೂಕುಗಳಲ್ಲಿ ನೆಲ ನಾಲ್ಕು ತರ. ಶಾಲೆಯೊಂದು ಅಭ್ಯಾಸದ ದಿನಗಳಲ್ಲಿ ಹೋಮ್ ಪ್ಲೇಟಿನಿಂದ 3, 6, 9 ಮೀಟರ್‌ಗೆ ಸುಣ್ಣದ ಗೆರೆ ಎಳೆದು, ಪ್ರತಿ ಬಂಟ್ ಯಾವ ಪಟ್ಟಿಯಲ್ಲಿ ನಿಂತಿತು, ಯಾವ ಕಡೆ ಹೋಯಿತು, ಓಡಿದವಳು ಉಳಿದಳೇ ಎಂಬ ಮೂರೇ ಸಂಗತಿಯನ್ನು ನೋಟುಬುಕ್ಕಿನಲ್ಲಿ ಬರೆದಿಟ್ಟರೆ ಸಾಕು. 24 ಸ್ಥಿತಿಗಳ ಕೋಷ್ಟಕ ಕಟ್ಟಲು ಸಾವಿರಾರು ಇನಿಂಗ್ಸ್ ಬೇಕು, ಅದು ಶಾಲೆಯ ಕೈಲಾಗದು. ನೂರಕ್ಕೆ ಎಷ್ಟು ಸಲ ಇಬ್ಬರೂ ಉಳಿದರು ಎಂಬ ಒಂದು ಸಂಖ್ಯೆಗೆ ಅಷ್ಟು ಬೇಕಿಲ್ಲ. ನೂರು ಬಂಟುಗಳಲ್ಲಿ 30 ಬಂದರೆ ನಿಜವಾದ ಬೆಲೆ 21ರಿಂದ 39ರ ನಡುವೆ ಎಲ್ಲೋ ಇದೆ ಎಂದು ಸಂಖ್ಯಾಶಾಸ್ತ್ರ ಹೇಳುತ್ತದೆ. ಸಾಕಷ್ಟು ಅಗಲವಾದ ಅಂತರವೇ, ಆದರೂ 10ಕ್ಕೂ 30ಕ್ಕೂ ಇರುವ ವ್ಯತ್ಯಾಸವನ್ನು ಅದು ಖಚಿತವಾಗಿ ತೋರಿಸುತ್ತದೆ. ಅಭ್ಯಾಸದಲ್ಲಿ ಬಂದ ಸಂಖ್ಯೆ ಪಂದ್ಯದಲ್ಲಿ ಸ್ವಲ್ಪ ಇಳಿಯುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಾಗೆ ಬರೆದಿಟ್ಟ ಲೆಕ್ಕವನ್ನು ಓದುವಾಗ ಒಂದು ಎಚ್ಚರ ಬೇಕು. ಬಂಟ್ ಬರುತ್ತದೆಂಬ ಗುಮಾನಿಯಿಂದಲೇ ಮೂರನೆಯ ಬೇಸಿನ ಫೀಲ್ಡರ್ ಮುಂದೆ ಬಂದು ನಿಲ್ಲುತ್ತಾಳೆ. ಮುಂದೆ ನಿಂತವಳ ಪಕ್ಕದಿಂದ ಬೀಸಿ ಹೊಡೆದ ಚೆಂಡು ನುಸುಳುವುದು ಸುಲಭ. ಎಡಗೈ ಹೊಡೆತಗಾರ್ತಿಯರು ಓಡುತ್ತಲೇ ಚೆಂಡನ್ನು ತಟ್ಟುವ ಸ್ಲ್ಯಾಪ್ ಹೊಡೆತ ಸಾಫ್ಟ್‌ಬಾಲ್‌ನಲ್ಲಿ ಬೆಳೆದದ್ದು ಈ ಇಕ್ಕಟ್ಟಿನ ಲಾಭ ಪಡೆಯಲೆಂದೇ: ಮುಂದೆ ಬಂದರೆ ತಟ್ಟುತ್ತಾಳೆ, ಹಿಂದೆ ನಿಂತರೆ ಬಂಟ್ ಮಾಡುತ್ತಾಳೆ. ಫೀಲ್ಡರ್ ಹಿಂದೆ ಸರಿದಷ್ಟೂ ಬಂಟ್ ಲಾಭದಾಯಕ, ಮುಂದೆ ಬಂದಷ್ಟೂ ಬೀಸುವುದು ಲಾಭದಾಯಕ. ಇಬ್ಬರೂ ಜಾಣರಾಗಿದ್ದರೆ ಅವಳು ನಿಲ್ಲುವ ಜಾಗ ಎರಡೂ ಹೊಡೆತಗಳ ಬೆಲೆ ಸಮವಾಗುವ ಕಡೆಗೆ ಸರಿಯುತ್ತದೆ. ಹೀಗೆ ಸಮವಾದ ಮೇಲೆ ದಾಖಲೆಯಲ್ಲಿ ಬಂಟಿನಿಂದ ಬಂದ ಲಾಭ ಸೊನ್ನೆ ಎಂದೇ ಕಾಣಿಸುತ್ತದೆ. ಅದನ್ನು ನೋಡಿ ಬಂಟನ್ನು ಕೈಬಿಟ್ಟ ತಂಡ ಮುಂದಿನ ಪಂದ್ಯದಲ್ಲಿ ಮೂರನೆಯ ಬೇಸಿನ ಫೀಲ್ಡರ್ ಆರು ಮೀಟರ್ ಹಿಂದೆ ನಿಂತಿರುವುದನ್ನು ಕಾಣುತ್ತದೆ, ಮೊನ್ನೆ ಅವಳ ಪಕ್ಕದಿಂದ ನುಸುಳಿ ಹೋಗಿದ್ದ ಹೊಡೆತಗಳೆಲ್ಲ ಇವತ್ತು ಅವಳ ಗ್ಲೌಸಿಗೆ ಬೀಳುತ್ತವೆ.